ಹೈಪೊ ನೀರಿನ ಬೆಳ್ಳಿ

ಫಿಲಂ ಕಾಲದ ಫೋಟೊ ಸ್ಟುಡಿಯೊಗಳಲ್ಲಿ ಗಿರಾಕಿಯ ಕಣ್ಣಿಗೆ ಬೀಳದ ಆಸ್ತಿಯೊಂದು ಇರುತ್ತಿತ್ತು. ಡಾರ್ಕ್ ರೂಮಿನ ಮೂಲೆಯಲ್ಲಿ ಬಾಯಿ ಬಿಗಿದ ಕ್ಯಾನು, ಅದರ ತುಂಬ ಬಳಸಿ ಸಾಕಾದ ಹೈಪೊ. ಬೆಳಕು ತಾಕದೆ ಉಳಿದ ಬೆಳ್ಳಿಯ ಲವಣವನ್ನು ಫಿಲಮಿನಿಂದ ಕರಗಿಸಿ ತೆಗೆಯುವ ದ್ರಾವಣ ಅದು. ಹೈಪೊಗೆ ಈ ಗುಣ ಇದೆಯೆಂದು ಇಂಗ್ಲೆಂಡಿನ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಇಪ್ಪತ್ತು ವರ್ಷ ಕಳೆದು ಫೋಟೊಗ್ರಫಿ ಹುಟ್ಟಿದಾಗ ಅದು ಕೆಲಸಕ್ಕೆ ಬಂತು. ಕಪ್ಪುಬಿಳುಪು ಫಿಲಮಿಗೆ ಬಳಿದ ಬೆಳ್ಳಿಯಲ್ಲಿ ಚಿತ್ರವಾಗಿ ಉಳಿಯುವುದು ಸ್ವಲ್ಪವೇ, ಬಹುಪಾಲು ಹೈಪೊಗೆ ಇಳಿಯುತ್ತದೆ. ಚೆನ್ನಾಗಿ ಬಳಸಿದ ಹೈಪೊದಲ್ಲಿ ಲೀಟರಿಗೆ 3ರಿಂದ 8 ಗ್ರಾಂ ಬೆಳ್ಳಿ ಸಿಗುವುದುಂಟು. ಅದನ್ನು ಚರಂಡಿಗೆ ಸುರಿಯಲು ಯಾವ ಕಸುಬುದಾರನಿಗೆ ಮನಸ್ಸು ಬಂದೀತು?

ಈಗ ಇಂಥ ಉಳಿತಾಯಕ್ಕೂ ವರದಿ ಬರೆಯುವ ಕಾಲ. ಶೇರುಪೇಟೆಯಲ್ಲಿರುವ ದೇಶದ ಮೊದಲ ಸಾವಿರ ಕಂಪನಿಗಳು 2022-23ರಿಂದ ಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ತಮ್ಮ ಪರಿಸರದ ಲೆಕ್ಕವನ್ನೂ ಒಪ್ಪಿಸಬೇಕು. ನೀರೆಷ್ಟು, ಕರೆಂಟೆಷ್ಟು, ಕಸವೆಷ್ಟು ಎಂದು ಕೋಷ್ಟಕ ತುಂಬಬೇಕು. ಕೊಪ್ಪಳ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸ್ಟುಡಿಯೊಗಳಿಗೆ ಅಂಥ ವರದಿ ಬರೆಯುವ ಗರಜು ಇಲ್ಲ. ಆದರೂ ಫೋಟೊ ಕಸುಬಿನಲ್ಲಿ ಉಳಿಸುವ, ಮರುಬಳಸುವ ಲೆಕ್ಕ ಆ ವರದಿಗಳಿಗಿಂತ ಬಹಳ ಹಳೆಯದು. ಅದು ಪುಣ್ಯಕ್ಕೆ ಮಾಡಿದ ಕೆಲಸವಾಗಿರಲಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡಬೇಕು.

ಈ ಸೀಮೆಗೆ ಕ್ಯಾಮೆರಾದ ನೆಂಟು ಹಳೆಯದೇ. ತುಂಗಭದ್ರೆಯ ಆಚೆ ದಡದ ಹಂಪಿಯನ್ನು ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರ ಹೊತ್ತಿಗೆ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಸವಾ ನೂರು ವರ್ಷದ ನಂತರ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಹತ್ತೊಂಬತ್ತನೇ ಶತಮಾನದಲ್ಲಿ ನದಿಯ ಈಚೆಯ ನಾಡು ಹೈದರಾಬಾದಿನ ನಿಜಾಮರದು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಆ ಹೈದರಾಬಾದಿನಲ್ಲೇ ಆರನೇ ನಿಜಾಮರ ಆಸ್ಥಾನದ ಫೋಟೊಗ್ರಾಫರ್ ಆಗಿದ್ದ ಲಾಲಾ ದೀನ್ ದಯಾಳ್ (1844-1905) ಸಿಕಂದರಾಬಾದಿನಲ್ಲಿ ದೊಡ್ಡ ಸ್ಟುಡಿಯೊ ಕಟ್ಟಿ ರಾಜಾ ಬಿರುದು ಪಡೆದಿದ್ದರು. ಅಲ್ಲಿ ನವಾಬರು, ಸರದಾರರು ಕ್ಯಾಮೆರಾ ಮುಂದೆ ಕೂತರೇ ಹೊರತು ಕುಷ್ಟಗಿಯ ಒಕ್ಕಲಿಗನ ಮುಖಕ್ಕೆ ಆ ಭಾಗ್ಯ ಬರಲು ಇನ್ನೂ ಎರಡು ಮೂರು ತಲೆಮಾರು ಬೇಕಾಯಿತು.

ಕರೆಂಟು ಬಾರದ ಕಾಲದ ಸ್ಟುಡಿಯೊಗಳು ನಡೆದದ್ದು ಬಿಸಿಲಿನ ಮೇಲೆ. ಗಾಜಿನ ಸೂರು ಅಥವಾ ಉತ್ತರದ ಕಡೆಗೆ ದೊಡ್ಡ ಕಿಟಕಿ, ಬೆಳಕು ಮೆದುವಾಗಲು ಬಿಳಿ ಪರದೆ. ನೆಗೆಟಿವ್ ಮತ್ತು ಕಾಗದವನ್ನು ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಟ್ಟರೆ ಪ್ರಿಂಟು. ಇದನ್ನು ಈಗಿನವರು ಸೌರಶಕ್ತಿ ಎಂದು ಕರೆದು ಫಲಕ ಹಾಕಿಕೊಳ್ಳುತ್ತಿದ್ದರೇನೋ.

ನಿಜವಾದ ಕಷ್ಟ ನೀರಿನದು. ಪ್ರಿಂಟಿನಲ್ಲಿ ಹೈಪೊ ಉಳಿದರೆ ವರ್ಷಗಳು ಕಳೆದಂತೆ ಚಿತ್ರ ಹಳದಿಗೆ ತಿರುಗಿ ಮಾಸುತ್ತದೆ. ಹಳೆಯ ದಪ್ಪ ಕಾಗದವನ್ನು ಹರಿಯುವ ನೀರಿನಲ್ಲಿ ಒಂದು ತಾಸಿನವರೆಗೂ ತೊಳೆಯಬೇಕೆಂದು ಕಂಪನಿಗಳ ಸೂಚನೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಗೆ ನೀರು ಬಂದು ಗಂಗಾವತಿ ಭತ್ತದ ಕಣಜವಾಯಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲಬೇಕಾಗಿತ್ತು. ಇಂಥ ಕಡೆ ಫೋಟೊದವರಿಗಿದ್ದ ಉಪಾಯ ಸಾಲು ಟ್ರೇಗಳು. ಕೊಳಕು ಪ್ರಿಂಟು ಮೊದಲು ಹಳೆಯ ನೀರಿಗೆ, ಕಡೆಗೆ ಹೊಸ ನೀರಿಗೆ; ಕಡೆಯ ಟ್ರೇಯ ನೀರು ನಾಳೆ ಮೊದಲ ಟ್ರೇಗೆ. ತೊಳೆತ ಸಾಲದೆ ಹೋದಲ್ಲಿ ಆ ವರ್ಷದ ಬರಗಾಲ ಮದುಮಕ್ಕಳ ಮುಖದ ಮೇಲೆಯೇ ಹಳದಿಯಾಗಿ ಕೂತಿತು. ಎಪ್ಪತ್ತರ ದಶಕದಲ್ಲಿ ಪ್ಲಾಸ್ಟಿಕ್ ಲೇಪದ ಕಾಗದ ಬಂದ ಮೇಲೆ ಕೆಲವೇ ನಿಮಿಷದ ತೊಳೆತ ಸಾಕಾಯಿತು.

ಹೈಪೊ ಕ್ಯಾನಿಗೆ ಮರಳೋಣ. ಬೆಳ್ಳಿ ತೆಗೆಯುವ ವಿದ್ಯೆ ಕಷ್ಟದ್ದೇನಲ್ಲ. ದ್ರಾವಣದಲ್ಲಿ ಕಬ್ಬಿಣದ ನಾರು ಬಿಟ್ಟರೆ ಕಬ್ಬಿಣ ಕರಗಿ ಅದರ ಬದಲಿಗೆ ಬೆಳ್ಳಿ ಕಪ್ಪು ರಾಡಿಯಾಗಿ ತಳ ಸೇರುತ್ತದೆ. ಹೆಚ್ಚು ಕೆಲಸ ಇದ್ದವರು ಸಣ್ಣ ಪ್ರಮಾಣದ ಕರೆಂಟು ಹಾಯಿಸಿ ಉಕ್ಕಿನ ತಗಡಿಗೆ ಬೆಳ್ಳಿ ಅಂಟಿಸುತ್ತಿದ್ದರು. ಮುಂದಿನದು ಅಕ್ಕಸಾಲಿಗರ ಕೆಲಸ: ರಾಡಿ ಒಣಗಿಸಿ, ಬಿಳಿಗಾರ ಬೆರೆಸಿ, ಮೂಸೆಯಲ್ಲಿ ಕರಗಿಸಿದರೆ ಗಟ್ಟಿ. ಸ್ವಂತ ಮಾಡಲಾರದವರಿಗೆ ಬಳಸಿದ ಹೈಪೊ, ಹಳೇ ಎಕ್ಸ್‌ರೇ ಫಿಲಂ ಕೊಳ್ಳಲು ಊರೂರು ತಿರುಗುವ ವ್ಯಾಪಾರಿಗಳಿದ್ದರು. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸೋದರರ ಸಟ್ಟಾ ವ್ಯವಹಾರದಿಂದ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಏರಿತು, ಮಾರ್ಚಿನಲ್ಲಿ ದೊಪ್ಪನೆ ಬಿತ್ತು. ಒಂದು ಕಾಲಕ್ಕೆ ಜಗತ್ತು ಬಳಸುತ್ತಿದ್ದ ಬೆಳ್ಳಿಯಲ್ಲಿ ಸುಮಾರು ಕಾಲು ಭಾಗ ಫೋಟೊ ಉದ್ಯಮಕ್ಕೇ ಹೋಗುತ್ತಿದ್ದರಿಂದ, ಕೊಡಕ್‌ನಂಥ ದೊಡ್ಡ ಕಂಪನಿಗೂ ಮೂಲೆಯ ಸ್ಟುಡಿಯೊಗೂ ಈ ವಿಷಯದಲ್ಲಿ ಒಂದೇ ಹಿತ. ಬೆಳ್ಳಿ ತೆಗೆದ ಮೇಲೆ ಉಳಿದ ನೀರು? ಅದು ಬೀದಿಯ ಗಟಾರಕ್ಕೇ. ಅದಕ್ಕೆ ಗಿರಾಕಿ ಇರಲಿಲ್ಲ.

ಈ ಉಳಿತಾಯಕ್ಕೆ ಇನ್ನೊಂದು ಮುಖವಿದೆ, ಅದು ಅಷ್ಟು ಚೆಂದದ್ದಲ್ಲ. ಬೆಳ್ಳಿ ಹೈಪೊದಲ್ಲಿ ಮಾತ್ರವಲ್ಲ, ನೆಗೆಟಿವ್‌ನಲ್ಲೂ ಇದೆ. ಸ್ಟುಡಿಯೊಗಳು ಪೆಟ್ಟಿಗೆ ಪೆಟ್ಟಿಗೆ ನೆಗೆಟಿವ್ ತೂಕಕ್ಕೆ ಹಾಕಿದವು. ಗಾಜಿನ ಪ್ಲೇಟುಗಳನ್ನು ಕೆರೆದು ಗಾಜನ್ನು ಚೌಕಟ್ಟಿಗೆ ಬಳಸಿದ್ದುಂಟು. ಭಾರತದ ಆರಂಭಕಾಲದ ಸಿನಿಮಾಗಳು ನಾಶವಾಗಲು ಬೆಳ್ಳಿಯ ಆಸೆಯೂ ಒಂದು ಕಾರಣ. ದೀನ್ ದಯಾಳರ ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ಕಲಾ ಕೇಂದ್ರಕ್ಕೆ ಸೇರಿ ಬದುಕಿದವು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇಗುಲದ ಚಿತ್ರಗಳನ್ನು ಹೆನ್ರಿ ಕಸಿನ್ಸ್‌ರ 1926ರ ಚಾಲುಕ್ಯ ವಾಸ್ತುಶಿಲ್ಪ ಗ್ರಂಥದಲ್ಲಿ ಈಗಲೂ ನೋಡಬಹುದು. ಅದೇ ಯಲಬುರ್ಗಾ ಸೀಮೆಯ ಸಂತೆ, ಮದುವೆ, ಶಾಲೆಯ ಗುಂಪು ಫೋಟೊಗಳ ನೆಗೆಟಿವ್ ಹುಡುಕಿಕೊಂಡು ಹೋದರೆ? ಅದರ ಬೆಳ್ಳಿ ಯಾರದೋ ಕಾಲಿನ ಚೈನಾಗಿರಬಹುದು.

ಕಲರ್ ಬಂದು ಈ ಕಥೆ ಬದಲಾಯಿತು. ಕಲರ್ ಫೋಟೊದಲ್ಲಿ ಕೊನೆಗೆ ಉಳಿಯುವುದು ಬಣ್ಣ ಮಾತ್ರ, ಬೆಳ್ಳಿ ಪೂರ್ತಿ ದ್ರಾವಣಕ್ಕೆ ಹೋಗುತ್ತದೆ. ರೋಲುಗಳು ಬಸ್ಸು, ರೈಲು ಹತ್ತಿ ದೊಡ್ಡ ಊರುಗಳ ಲ್ಯಾಬಿಗೆ ಹೊರಟವು. ಅವುಗಳ ಜೊತೆ ಬೆಳ್ಳಿಯೂ ಊರು ಬಿಟ್ಟಿತು. ಜಪಾನಿನ ನೊರಿತ್ಸು ಕಂಪನಿ 1976ರಲ್ಲಿ ಶುರು ಮಾಡಿದ ಮಿನಿಲ್ಯಾಬ್‌ಗಳ ಮುಂದಿನ ಪೀಳಿಗೆಯಲ್ಲಿ ಹರಿಯುವ ನೀರೇ ಬೇಡವಾಯಿತು. ಚಿಕ್ಕ ಸ್ಟುಡಿಯೊಗಳಿಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು. ಚುನಾವಣಾ ಆಯೋಗ 1993ರಲ್ಲಿ ಭಾವಚಿತ್ರದ ಗುರುತಿನ ಚೀಟಿ ತಂದಿತು, 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಕಚೇರಿ ಹೆಚ್ಚಾದಂತೆ ಅರ್ಜಿ, ಅರ್ಜಿಗೊಂದು ಫೋಟೊ.

ಡಿಜಿಟಲ್ ಕಾಲಕ್ಕೆ ಹೈಪೊ ಹೋಯಿತು, ಡಾರ್ಕ್ ರೂಮಿನಲ್ಲಿ ಕಂಪ್ಯೂಟರ್ ಕೂತಿತು. ಮೇಲುನೋಟಕ್ಕೆ ಕಸುಬು ಶುದ್ಧವಾಯಿತು ಅನ್ನಿಸುತ್ತದೆ. ಆದರೆ ಕಸದ ಬಗೆ ಬದಲಾಯಿತಷ್ಟೇ: ಫ್ಲ್ಯಾಶಿನ ಬ್ಯಾಟರಿ, ಡ್ರೋನಿನ ಲಿಥಿಯಂ ಬ್ಯಾಟರಿ, ಪ್ರಿಂಟರಿನ ಖಾಲಿ ಡಬ್ಬಿ, ಹಾಳೆಗೆಲ್ಲ ಪ್ಲಾಸ್ಟಿಕ್ ಹೊದಿಸಿದ ಕರಿಜ್ಮಾ ಆಲ್ಬಂ, ಎಲ್ಲಕ್ಕಿಂತ ಮಿಗಿಲಾಗಿ ಫ್ಲೆಕ್ಸ್. ಹುಟ್ಟುಹಬ್ಬ, ಜಾತ್ರೆ, ಶ್ರದ್ಧಾಂಜಲಿ ಯಾವುದೇ ಇರಲಿ, ಸ್ಟುಡಿಯೊದಲ್ಲಿ ತೆಗೆದ ಮುಖ ಫ್ಲೆಕ್ಸಿಗೆ ಏರುತ್ತದೆ. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2022ರ ಜುಲೈನಿಂದ ದೇಶದಾದ್ಯಂತ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್‌ಗೂ ನಿಷೇಧ ಬಂತು. ಕಟ್ಟುವ ಕೈಗಳು ನಿಂತಿಲ್ಲ. ಕೊಡಕ್ ಕಂಪನಿ ಒಮ್ಮೆ ಬಳಸಿ ಎಸೆಯುವ ಕ್ಯಾಮೆರಾಗಳನ್ನು 1990ರಿಂದಲೇ ಲ್ಯಾಬುಗಳ ಮೂಲಕ ಹಿಂದಕ್ಕೆ ತರಿಸಿ ಬಿಡಿಭಾಗಗಳನ್ನು ಮತ್ತೆ ಬಳಸುತ್ತಿತ್ತು, ಲ್ಯಾಬಿನವರಿಗೆ ಅದಕ್ಕೆ ಹಣ ಕೊಡುತ್ತಿತ್ತು. ಹಾಗೆ ಹಿಂದಿರುಗಿಸಿದ್ದಕ್ಕೆ ಸಿಗುವ ಹಣವೇ ಇಲ್ಲಿ ಕಾಣೆ. 2022ರ ಬ್ಯಾಟರಿ ತ್ಯಾಜ್ಯ ನಿಯಮ ಹಳೆಯ ಬ್ಯಾಟರಿಯನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ. ಫ್ಲೆಕ್ಸಿಗೆ ಮಾತ್ರ ಅದನ್ನು ಕಟ್ಟಿಸಿದವರೂ ವಾರಸುದಾರರಾಗುವುದಿಲ್ಲ. ಹಬ್ಬ ಮುಗಿದ ಮೇಲೆ ಹರಿಯದೆ ಉಳಿದದ್ದನ್ನು ರೈತರು ಬಿಚ್ಚಿಕೊಂಡು ಹೋಗಿ ಕಣದ ಭತ್ತದ ರಾಶಿಗೆ, ಮೇವಿನ ಬಣವೆಗೆ ಹೊದಿಸುತ್ತಾರೆ.