ಲಕೀತ್, ಕಫಾಲತ್, ದತ್ತು: ಹೌಜ್ ಖಾಸ್‌ನ ಹಿನ್ನೆಲೆಯಲ್ಲಿ ಕದನದ ಅನಾಥರ ಪ್ರಶ್ನೆ

ಮುಸ್ಲಿಮರು ದತ್ತು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಭಾರತದ ಕಾನೂನಿನಲ್ಲಿ 2014ರ ಫೆಬ್ರುವರಿ 19ರಂದೇ ಉತ್ತರ ಸಿಕ್ಕಿದೆ. ತಾನು ಸಾಕಿದ ಮಗಳಿಗೆ ಕಾನೂನಿನ ಲೆಕ್ಕದಲ್ಲಿ ತಾನು ಬರೀ ಪಾಲಕಿ, ತಾಯಿಯಲ್ಲ ಎಂಬ ಸ್ಥಿತಿಯನ್ನು ಪ್ರಶ್ನಿಸಿ ದೆಹಲಿಯ ಸಾಮಾಜಿಕ ಕಾರ್ಯಕರ್ತೆ ಶಬ್ನಮ್ ಹಾಶ್ಮಿ 2005ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ ಅದಕ್ಕೆ ಎರಡು ಮಾತು ಹೇಳಿತು. ಬಾಲನ್ಯಾಯ ಕಾಯ್ದೆ ಯಾವ ಧರ್ಮದವರಿಗೂ ತೆರೆದ ಬಾಗಿಲು, ಬೇಕೆನಿಸಿದವರು ಒಳಗೆ ಬರಬಹುದು ಎಂಬುದು ಒಂದು. ದತ್ತು ಪಡೆಯುವುದನ್ನು ಮೂಲಭೂತ ಹಕ್ಕೆಂದು ಸಾರಲು ಕಾಲ ಇನ್ನೂ ಕೂಡಿಬಂದಿಲ್ಲ ಎಂಬುದು ಇನ್ನೊಂದು. ಆ ಮೊಕದ್ದಮೆಯಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೂ ವಾದ ಮಂಡಿಸಿತ್ತು. ಇಸ್ಲಾಂ ದತ್ತುಮಗುವನ್ನು ಹೊಟ್ಟೆಯ ಮಗುವಿಗೆ ಸಮನೆಂದು ಒಪ್ಪುವುದಿಲ್ಲ, ಅದರ ಬದಲಿಗೆ ಕಫಾಲತ್ ಇದೆ, ಅನಾಥ ಮಗುವನ್ನು ಅದರ ಕುಲದ ಹೆಸರಿನಲ್ಲೇ ಇಟ್ಟು ಸಾಕುವ ಕ್ರಮ ಅದು ಎಂಬುದು ಮಂಡಳಿಯ ನಿಲುವು.

ಅಂದಿನಿಂದ ಚರ್ಚೆ ಈ ಎರಡು ಗೂಟಗಳ ನಡುವೆಯೇ ಸುತ್ತುತ್ತಿದೆ. ಒಂದು ಕಡೆಯವರು ದತ್ತನ್ನು ಪ್ರಗತಿಯೆಂದು ಹೊಗಳಿದರೆ, ಇನ್ನೊಂದು ಕಡೆಯವರು ಕಫಾಲತ್ ಸಾಕು ಎನ್ನುತ್ತಾರೆ. ಎರಡೂ ಪಕ್ಷಗಳು ಒಂದು ಸಂಗತಿಯನ್ನು ಬಿಟ್ಟು ಮಾತಾಡುತ್ತಿವೆ ಎಂಬುದು ಈ ಲೇಖನದ ವಾದ. ದಿಕ್ಕಿಲ್ಲದ ಮಗುವಿನ ಹೊಣೆಯನ್ನು ಇಸ್ಲಾಮಿನ ಹನಫಿ ಪಂಥದ ನ್ಯಾಯಶಾಸ್ತ್ರ ಒಬ್ಬ ಪುಣ್ಯವಂತನ ದಯೆಗೆ ಬಿಟ್ಟಿರಲಿಲ್ಲ. ಅದನ್ನು ಖಜಾನೆಯ ಮೇಲೆ ಹೊರಿಸಿತ್ತು. ಕದನದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳ ವಿಷಯದಲ್ಲಂತೂ ಈ ಅಂಶವೇ ನಿರ್ಣಾಯಕ.

ದಕ್ಷಿಣ ದೆಹಲಿಯ ಹೌಜ್ ಖಾಸ್ ಈ ಚರ್ಚೆಗೆ ತಕ್ಕ ಜಾಗ. ಅಲಾವುದ್ದೀನ್ ಖಿಲ್ಜಿ ಅಗೆಸಿದ ಕೆರೆ ಹೂಳು ತುಂಬಿದ್ದಾಗ ಫಿರೋಜ್ ಷಾ ತುಘಲಕ್ ಅದನ್ನು ತೆಗೆಸಿ, ಅದರ ಏರಿಯ ಮೇಲೆ 1352ರ ಸುಮಾರಿಗೆ ಮದರಸಾ ಕಟ್ಟಿಸಿದ. ನೀರಿನ ಕಡೆಗೆ ಎರಡು ತೋಳು ಚಾಚಿದ ಕಟ್ಟಡ. ತೋಳುಗಳು ಕೂಡುವ ಮೂಲೆಯಲ್ಲಿ 1388ರಲ್ಲಿ ತೀರಿಕೊಂಡ ಸುಲ್ತಾನನ ಗೋರಿ. ಇಂದು ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕೆಫೆಗಳಿಗೆ ಬಂದವರು. ಆದರೆ ಫಿರೋಜನ ಕಾಲ ಹನಫಿ ಕಾನೂನಿನ ಮಟ್ಟಿಗೆ ಸುಗ್ಗಿಯ ಕಾಲ. ಅವನ ಸರದಾರ ತಾತಾರ್ ಖಾನನ ಆಶ್ರಯದಲ್ಲಿ ಆಲಿಮ್ ಬಿನ್ ಅಲಾ ಎಂಬ ವಿದ್ವಾಂಸ ‘ಫತಾವಾ ತಾತಾರ್‌ಖಾನಿಯಾ’ ಎಂಬ ಬೃಹತ್ ಸಂಕಲನ ಸಿದ್ಧಪಡಿಸಿದ್ದು ಆಗಲೇ. ಸುಲ್ತಾನರ ದೆಹಲಿಯಲ್ಲಿ ನ್ಯಾಯಶಾಸ್ತ್ರದ ಮುಖ್ಯ ಪಠ್ಯ ಮರ್ಗೀನಾನಿಯ ‘ಹಿದಾಯಾ’.

ಹಿದಾಯಾದಲ್ಲಿ ಲಕೀತ್, ಅಂದರೆ ಬಿದ್ದು ಸಿಕ್ಕ ಮಗು, ಎಂಬುದಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಅಂಥ ಮಗುವನ್ನು ಎತ್ತಿಕೊಳ್ಳುವುದು ಶ್ಲಾಘ್ಯ, ಬಿಟ್ಟುಹೋದರೆ ಸಾಯುತ್ತದೆ ಎನ್ನುವಂತಿದ್ದರೆ ಎತ್ತಿಕೊಳ್ಳುವುದು ಕಡ್ಡಾಯ. ಮಗು ಸ್ವತಂತ್ರ ಎಂದೇ ತಿಳಿಯಬೇಕು, ಗುಲಾಮನೆಂದು ಯಾರೂ ಸುಮ್ಮನೆ ಹಕ್ಕು ಹೂಡುವಂತಿಲ್ಲ. ಎತ್ತಿಕೊಂಡವನಿಂದ ಬೇರೆಯವರು ಅದನ್ನು ಕಿತ್ತುಕೊಳ್ಳುವಂತಿಲ್ಲ. ಅವನು ಮಗುವಿಗೆ ಕಸುಬು ಕಲಿಸಬಹುದು, ಅದರ ಪರವಾಗಿ ಉಡುಗೊರೆ ಪಡೆಯಬಹುದು. ಅದರ ಮದುವೆ ಮಾಡುವ ಅಧಿಕಾರವಾಗಲಿ ಆಸ್ತಿ ಮಾರುವ ಅಧಿಕಾರವಾಗಲಿ ಅವನಿಗಿಲ್ಲ. ಸಾಕುವ ಖರ್ಚು ಬೈತುಲ್ ಮಾಲ್, ಎಂದರೆ ರಾಜ್ಯದ ಬೊಕ್ಕಸದ್ದು. ಆ ಮಗು ಬೆಳೆದು ವಾರಸುದಾರರಿಲ್ಲದೆ ಸತ್ತರೆ ಅದರ ಆಸ್ತಿಯೂ ಬೊಕ್ಕಸಕ್ಕೆ. ಲಾಭ ಉಣ್ಣುವವನೇ ಹೊರೆ ಹೊರಬೇಕು ಎಂಬ ತರ್ಕ. ದತ್ತಿನ ವಿರುದ್ಧ ಕಫಾಲತ್ತನ್ನು ಎತ್ತಿ ಹಿಡಿಯುವವರು ಈ ಅಧ್ಯಾಯವನ್ನು ಅಷ್ಟಾಗಿ ಉಲ್ಲೇಖಿಸದಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಫಿರೋಜನ ಆಡಳಿತ ಈ ತರ್ಕವನ್ನು ಅಷ್ಟಿಷ್ಟು ನಡೆಸಿಯೂ ತೋರಿಸಿತು. ಅಫೀಫನ ಇತಿಹಾಸದಲ್ಲಿ ಬರುವ ದಿವಾನ್-ಇ-ಖೈರಾತ್ ಎಂಬ ಇಲಾಖೆ ಬಡವರ ಹೆಣ್ಣುಮಕ್ಕಳ ಮದುವೆಗೆ ಅಂತಸ್ತು ನೋಡಿ 50, 30, 25 ಟಂಕಗಳನ್ನು ಕೊಡುತ್ತಿತ್ತು. ಇನ್ನೊಂದು ಪ್ರಸಂಗವನ್ನು ಸುಲ್ತಾನನೇ ತನ್ನ ‘ಫುತೂಹಾತ್’ನಲ್ಲಿ ಬರೆದಿಟ್ಟಿದ್ದಾನೆ. ಹಿಂದಿನ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ಕೊಲ್ಲಿಸಿದವರ ವಾರಸುದಾರರನ್ನು, ಅವನ ಆಜ್ಞೆಯಿಂದ ಕಣ್ಣು, ಮೂಗು, ಕೈಕಾಲು ಕಳೆದುಕೊಂಡವರನ್ನು ಹುಡುಕಿಸಿ ಪರಿಹಾರ ಕೊಡಿಸಿದನಂತೆ. ಅವರಿಂದ ಕ್ಷಮಾಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಪತ್ರಗಳನ್ನೆಲ್ಲ ಪೆಟ್ಟಿಗೆಯೊಂದರಲ್ಲಿ ಇರಿಸಿ ಮುಹಮ್ಮದನ ಗೋರಿಯ ತಲೆದೆಸೆಯಲ್ಲಿ ಇಡಿಸಿದ. ಪ್ರಭುತ್ವದ ಹಿಂಸೆಗೆ ತುತ್ತಾದ ಕುಟುಂಬಗಳಿಗೆ ಪ್ರಭುತ್ವವೇ ಬಾಕಿದಾರ ಎಂಬ ಒಪ್ಪಿಗೆ ಆ ಪೆಟ್ಟಿಗೆಯಲ್ಲಿದೆ. ಸತ್ತ ಸುಲ್ತಾನನನ್ನು ಪರಲೋಕದ ಲೆಕ್ಕದಿಂದ ಪಾರುಮಾಡುವುದೇ ಅದರ ಮುಖ್ಯ ಉದ್ದೇಶವಾಗಿತ್ತು ಎಂಬುದನ್ನೂ ಮರೆಯಬಾರದು.

ಅದೇ ಅಫೀಫ ಇನ್ನೊಂದು ಚಿತ್ರವನ್ನೂ ಕೊಡುತ್ತಾನೆ. ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಒಳ್ಳೆಯವರನ್ನು ಆರಿಸಿ ಆಸ್ಥಾನಕ್ಕೆ ಕಳಿಸಿ ಎಂದು ಪ್ರಾಂತಾಧಿಕಾರಿಗಳಿಗೆ ಸುಲ್ತಾನನ ಆಜ್ಞೆಯಾಗಿತ್ತು. ಹೀಗೆ ಕೂಡಿದ ಗುಲಾಮರ ಸಂಖ್ಯೆ 1,80,000. ಅವರಿಗಾಗಿಯೇ ದಿವಾನ್-ಇ-ಬಂದಗಾನ್ ಎಂಬ ಇಲಾಖೆ. ಕೆಲವರು ಕುರ್‌ಆನ್ ಕಂಠಪಾಠಕ್ಕೆ, ಕೆಲವರು ಗ್ರಂಥಗಳ ಪ್ರತಿ ಮಾಡಲು, 12,000 ಮಂದಿ ಕಸುಬುಗಳಿಗೆ. ಊಟ, ವಿದ್ಯೆ, ಕಸುಬು ಎಲ್ಲವೂ ಅವರಿಗೆ ಸಿಕ್ಕಿತು; ಸಿಗದೆ ಹೋದದ್ದು ತಂದೆಯ ಹೆಸರು ಮತ್ತು ಮರಳುವ ಹಾದಿ. ಫಿರೋಜ್ ತೀರಿಕೊಂಡು ಹತ್ತು ವರ್ಷಕ್ಕೆ, 1398ರ ಡಿಸೆಂಬರಿನಲ್ಲಿ, ದೆಹಲಿಯನ್ನು ಗೆದ್ದ ತೈಮೂರ್ ಬೀಡುಬಿಟ್ಟದ್ದು ಇದೇ ಕೆರೆಯ ದಂಡೆಯಲ್ಲಿ. ಆಮೇಲಿನ ಲೂಟಿಯಲ್ಲಿ ದೆಹಲಿಯ ಹೆಂಗಸರು, ಮಕ್ಕಳು ಸೈನಿಕರ ಪಾಲಾದರು. ಯುದ್ಧಕಾಲದಲ್ಲಿ ಮಗುವನ್ನು ‘ಕರೆದುಕೊಂಡು ಹೋಗಿ ಸಾಕುವ’ ಮಾತಿನ ಬಗ್ಗೆ ಇಟ್ಟುಕೊಳ್ಳಬೇಕಾದ ಅನುಮಾನಕ್ಕೆ ಹೌಜ್ ಖಾಸ್‌ನಷ್ಟು ಹಳೆಯ ಪುರಾವೆ ಇದೆ.

ಕುರ್‌ಆನಿನ 33ನೆಯ ಅಧ್ಯಾಯದ 4 ಮತ್ತು 5ನೆಯ ವಚನಗಳು ಸಾಕುಮಕ್ಕಳನ್ನು ಅವರ ತಂದೆಯರ ಹೆಸರಿನಿಂದಲೇ ಕರೆಯಬೇಕೆನ್ನುತ್ತವೆ. ಇದನ್ನು ದತ್ತಿನ ನಿಷೇಧವೆಂದು ಓದುವುದು ರೂಢಿ. 1888ರಲ್ಲಿ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಮಹಮೂದ್, ಮುಹಮ್ಮದ್ ಅಲ್ಲಾಹ್‌ದಾದ್ ಖಾನ್ ಪ್ರಕರಣದಲ್ಲಿ ಮುಸ್ಲಿಂ ಕಾನೂನು ದತ್ತಿನಿಂದ ಪಿತೃತ್ವ ಹುಟ್ಟುವುದನ್ನು ಒಪ್ಪುವುದಿಲ್ಲ ಎಂದದ್ದೂ ಈ ಓದಿಗೆ ಬಲ ಕೊಟ್ಟಿತು. ಆದರೆ 4ನೆಯ ಅಧ್ಯಾಯದ ಅನಾಥರ ಕುರಿತ ವಚನಗಳನ್ನು ವ್ಯಾಖ್ಯಾನಕಾರರು ಉಹುದ್ ಕಾಳಗದ ಆಮೇಲಿನ ದಿನಗಳಿಗೆ ಜೋಡಿಸುತ್ತಾರೆ. ಕಾಳಗದಲ್ಲಿ ತಂದೆ ಸತ್ತ ಮಕ್ಕಳ ಆಸ್ತಿಯನ್ನು ಪಾಲಕರು ನುಂಗಬಾರದು, ಮಗು ಬೆಳೆದ ಮೇಲೆ ಸಾಕ್ಷಿಗಳ ಮುಂದೆ ಲೆಕ್ಕ ಒಪ್ಪಿಸಬೇಕು ಎಂಬುದು ಅಲ್ಲಿನ ಕಟ್ಟಳೆ. ಎರಡನ್ನೂ ಕೂಡಿಸಿ ಓದಿದರೆ ಹೆಸರಿನ ನಿಯಮವೂ ಆಸ್ತಿಯ ನಿಯಮವೂ ಒಂದೇ ಕೆಲಸ ಮಾಡುತ್ತವೆ. ಹೆಸರು ಅಳಿಸಿದರೆ ಹಕ್ಕು ಕೇಳುವವರೇ ಇಲ್ಲವಾಗುತ್ತಾರೆ.

ಆಧುನಿಕ ರಾಜ್ಯಗಳು ಈ ಪಾಠ ಕಲಿತದ್ದು ನಿಧಾನವಾಗಿ. ದೇಶ ವಿಭಜನೆಯ ನಂತರ ಬಂದ 1949ರ ಅಪಹೃತ ವ್ಯಕ್ತಿಗಳ ಮರಳಿಕೆ ಕಾಯ್ದೆ, ಕುಟುಂಬದಿಂದ ಬೇರ್ಪಟ್ಟ 16 ವರ್ಷದೊಳಗಿನ ಮುಸ್ಲಿಂ ಹುಡುಗರನ್ನೂ ಯಾವ ವಯಸ್ಸಿನ ಹೆಣ್ಣನ್ನೂ ‘ಅಪಹೃತ’ರ ಪಟ್ಟಿಗೆ ಸೇರಿಸಿತು. ಮಗುವಿನ ಇಷ್ಟವನ್ನು ಕೇಳುವ ಗೋಜಿಗೆ ಹೋಗಲಿಲ್ಲ. 1952ರಲ್ಲಿ ಸುಪ್ರೀಂ ಕೋರ್ಟ್ ಅಜೈಬ್ ಸಿಂಗ್ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಬಾಂಗ್ಲಾದೇಶ ಹಿಡಿದದ್ದು ತದ್ವಿರುದ್ಧ ದಾರಿ. 1971ರ ಯುದ್ಧದಲ್ಲಿ ಹುಟ್ಟಿದ ಮಕ್ಕಳಿಗಾಗಿ 1972ರಲ್ಲಿ ಪರಿತ್ಯಕ್ತ ಮಕ್ಕಳ ವಿಶೇಷ ಆದೇಶ ಹೊರಡಿಸಿ, ಶಾಸ್ತ್ರದ ಸಂಪ್ರದಾಯ ಏನೇ ಇರಲಿ, ವಿದೇಶಿ ದತ್ತಿಗೆ ದಾರಿ ತೆರೆಯಿತು. ಆ ಜುಲೈನಲ್ಲಿ 15 ಮಕ್ಕಳ ಮೊದಲ ತಂಡ ಕೆನಡಾಕ್ಕೆ ಹೋಯಿತು. 1982ರಲ್ಲಿ ಆದೇಶ ರದ್ದಾಯಿತು. ಮುಸ್ಲಿಂ ಬಹುಸಂಖ್ಯಾತ ದೇಶವೊಂದು ದತ್ತಿಗೆ ಒಪ್ಪಿದ್ದಕ್ಕೆ ಇದು ನಿದರ್ಶನವಾದರೂ, ಸಮಾಜಕ್ಕೆ ಬೇಡವಾದ ಮಕ್ಕಳನ್ನು ದೂರ ಸಾಗಿಸಿದ ಕ್ರಮವೂ ಹೌದು.

ಇಂದು ನಮ್ಮ ನೆಲದ ನಿಜವಾದ ಪ್ರಕರಣ ಕಾಶ್ಮೀರ. 2014ರ ಸೇವ್ ದ ಚಿಲ್ಡ್ರನ್ ಅಧ್ಯಯನ ಜಮ್ಮು ಮತ್ತು ಕಾಶ್ಮೀರದ ಅನಾಥ ಮಕ್ಕಳನ್ನು ಸುಮಾರು 2.15 ಲಕ್ಷವೆಂದೂ ಅವರಲ್ಲಿ ಶೇಕಡಾ 37ರಷ್ಟು ಮಂದಿ ಸಂಘರ್ಷದಿಂದ ಅನಾಥರಾದವರೆಂದೂ ಅಂದಾಜಿಸಿತ್ತು. ಇಲ್ಲಿ ಕಾನೂನಿನ ಒಂದು ತೊಡಕಿದೆ. ಷರೀಯತ್ತಿನಲ್ಲಿ ತಂದೆ ಸತ್ತ ಮಗು ಯತೀಂ, ತಾಯಿ ಬದುಕಿದ್ದರೂ ಸರಿ. ಬಾಲನ್ಯಾಯ ಕಾಯ್ದೆಯಲ್ಲಿ ಹೆತ್ತವರೂ ಪಾಲಕರೂ ಇಲ್ಲದಿದ್ದರೆ, ಅಥವಾ ಇರುವ ಪಾಲಕರು ಸಾಕಲು ಒಲ್ಲದಿದ್ದರೆ, ಸಾಕಲಾರದಿದ್ದರೆ ಮಾತ್ರ ಅನಾಥ. ಹಾಗಾಗಿ ಯತೀಂಖಾನೆಯಲ್ಲಿರುವ, ಊರಲ್ಲಿ ತಾಯಿ ಇರುವ ಮಗು ಸಾಮಾನ್ಯವಾಗಿ ದತ್ತಿಗೆ ಲಭ್ಯವೇ ಇಲ್ಲ. ದೆಹಲಿಯ ದಂಪತಿಗಳು ಕಾಶ್ಮೀರದ ಮಗುವನ್ನು ತರುತ್ತೇವೆಂದು ಒಳ್ಳೆಯ ಮನಸ್ಸಿನಿಂದಲೇ ಮುಂದೆ ಬಂದರೂ ಆ ಮಗುವಿಗೆ ಬೇಕಾದದ್ದು ಹೊಸ ತಾಯಿಯಲ್ಲ, ಇರುವ ತಾಯಿಗೆ ಆದಾಯ.

ಗಂಡ ಕಾಣೆಯಾದ ಹೆಂಗಸರ ಸ್ಥಿತಿ ಇನ್ನೂ ಬಿಗಿ. ಹನಫಿ ಮತದಲ್ಲಿ ಕಾಣೆಯಾದವನಿಗಾಗಿ ಕಾಯುವ ಅವಧಿ ಅತಿ ದೀರ್ಘ. 2013ರ ಡಿಸೆಂಬರಿನಲ್ಲಿ ಶ್ರೀನಗರದಲ್ಲಿ ಸೇರಿದ ಉಲೇಮಾಗಳು ಅದನ್ನು ನಾಲ್ಕು ವರ್ಷಕ್ಕೆ ಇಳಿಸಿದರು. ಹೆಂಗಸರಿಗೆ ಅದು ಬಿಡುಗಡೆಯೇ. ಆದರೆ ತಾಯಿ ಮರುಮದುವೆಯಾದ ಮನೆಗಳಲ್ಲಿ ಮಗು ಅಜ್ಜನ ಮನೆಗೆ ಹೋಗುವುದು ಸಾಮಾನ್ಯ. ಅಜ್ಜನ ಮನೆಯಲ್ಲಿ ಅದಕ್ಕೆ ಪಾಲಿಲ್ಲ, ಏಕೆಂದರೆ ಸಾಂಪ್ರದಾಯಿಕ ವಾರಸುದಾರಿಕೆಯಲ್ಲಿ ಚಿಕ್ಕಪ್ಪ, ದೊಡ್ಡಪ್ಪಂದಿರು ಬದುಕಿದ್ದರೆ ಸತ್ತ ಮಗನ ಮಕ್ಕಳು ಹೊರಗೆ. ತಂದೆ ಗುಂಡಿಗೆ ಸತ್ತನೆಂಬ ಕಾರಣಕ್ಕೇ ಮಗು ಅಜ್ಜನ ಜಮೀನನ್ನೂ ಕಳೆದುಕೊಳ್ಳುತ್ತದೆ. ಈಜಿಪ್ಟ್ 1946ರಲ್ಲಿ ಕಡ್ಡಾಯ ಉಯಿಲಿನ ನಿಯಮದಿಂದ, ಪಾಕಿಸ್ತಾನ 1961ರ ಕುಟುಂಬ ಕಾನೂನು ಸುಗ್ರೀವಾಜ್ಞೆಯಿಂದ ಇದನ್ನು ಸರಿಪಡಿಸಿದವು. ಭಾರತ ಏನೂ ಮಾಡಿಲ್ಲ. ಕಾಶ್ಮೀರದಲ್ಲಿ ‘ಪಿಸರ್ ಪರ್ವರ್ದಾ’ ಎಂಬ ಸಾಕುಮಗನ ರೂಢಿ ಮುಸ್ಲಿಮರಲ್ಲೇ ಇತ್ತು, ನ್ಯಾಯಾಲಯಗಳೂ ಅದನ್ನು ಮನ್ನಿಸಿದ್ದವು. 2007ರಲ್ಲಿ ಅಲ್ಲಿ ಷರೀಯತ್ ಅನ್ವಯ ಕಾಯ್ದೆ ಬಂದ ಮೇಲೆ ಅದರ ನೆಲೆ ಕಿರಿದಾಯಿತು. ಕಫಾಲತ್ತಿನ ಪರ ಇಷ್ಟು ಗಟ್ಟಿಯಾಗಿ ಮಾತಾಡುವ ಸಂಸ್ಥೆಗಳು ಅನಾಥ ಮೊಮ್ಮಗನ ಪಾಲಿನ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡಿದ್ದರೆ ಅವರ ವಾದಕ್ಕೆ ತೂಕ ಬರುತ್ತಿತ್ತು.

ಇಂದು ಭಾರತದಲ್ಲಿ ಕಫಾಲತ್ ಮಾಡಬಯಸುವವರಿಗೆ ಸಿಗುವುದು ತುಂಡು ತುಂಡು ಸಲಕರಣೆಗಳು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ನ್ಯಾಯಾಲಯದಿಂದ ಪಾಲಕತ್ವ ಪಡೆಯಬಹುದು, ಅದು ಮಗು ಪ್ರಾಪ್ತವಯಸ್ಕವಾದ ದಿನ ಮುಗಿಯುತ್ತದೆ. ಬದುಕಿರುವಾಗಲೇ ಹಿಬಾ, ಅಂದರೆ ದಾನ, ಕೊಡಬಹುದು; ವಸೀಯತ್ತಿನಲ್ಲಿ, ಅಂದರೆ ಉಯಿಲಿನಲ್ಲಿ, ಆಸ್ತಿಯ ಮೂರನೇ ಒಂದು ಭಾಗದವರೆಗೆ ಬರೆಯಬಹುದು. ಬಾಲನ್ಯಾಯ ಕಾಯ್ದೆಯ 44ನೆಯ ಸೆಕ್ಷನ್ನಿನ ಪೋಷಕ ಆರೈಕೆಯೂ ಉಂಟು. ಈ ದಾರಿ ಹಿಡಿಯದೆ ಖಾಸಗಿ ಕರಾರಿಗೆ ಹೋದರೆ ಏನಾಗುತ್ತದೆಂಬುದನ್ನು ಕರ್ನಾಟಕ ಹೈಕೋರ್ಟ್ 2022ರ ಕೊನೆಯಲ್ಲಿ ತೋರಿಸಿತು. ಬಡತನದಿಂದ ಹಿಂದೂ ದಂಪತಿ ಇನ್ನೂ ಹುಟ್ಟದ ಮಗುವನ್ನು ಮುಸ್ಲಿಂ ದಂಪತಿಗೆ ಒಪ್ಪಿಸಲು ಬರೆದುಕೊಂಡಿದ್ದ ಒಪ್ಪಂದವನ್ನು ಪೀಠ ಮಾನ್ಯ ಮಾಡಲಿಲ್ಲ.

ಮನೆಯೊಳಗಿನ ತೊಡಕು ಪರದೆಯದು. ಬೆಳೆದ ಸಾಕುಮಗ ಸಾಕುತಾಯಿಗೆ ಪರಪುರುಷನೇ ಎಂಬ ಪ್ರಶ್ನೆಗೆ ಶಾಸ್ತ್ರ ಕೊಡುವ ಉತ್ತರ ಹಾಲಿನ ಸಂಬಂಧ. ದೆಹಲಿಯ ಹನಫಿಗಳಿಗೆ ಒಮ್ಮೆ ಹಾಲೂಡಿಸಿದರೂ ಸಾಕು. ಶಾಫಿ ಮತದ ಭಟ್ಕಳದ ನವಾಯತರಿಗೂ ದಕ್ಷಿಣ ಕನ್ನಡದ ಬ್ಯಾರಿಗಳಿಗೂ ಎರಡು ವರ್ಷದೊಳಗೆ ಐದು ಸಲ ಆಗಬೇಕು. ಎಂಟು ಹತ್ತು ವರ್ಷದ ಅನಾಥರಿಗೆ ಎರಡೂ ಉಪಯೋಗವಿಲ್ಲ.

ಹೊರದೇಶದ ಕದನಭೂಮಿಯ ಮಗುವನ್ನು ತರುವುದು ಇನ್ನೂ ದೂರದ ಮಾತು. ಗಾಜಾದಲ್ಲಿ ಒಂಟಿಯಾದ ಅಥವಾ ಮನೆಯವರಿಂದ ಬೇರ್ಪಟ್ಟ ಮಕ್ಕಳು 17,000 ಎಂದು ಯುನಿಸೆಫ್ 2024ರ ಫೆಬ್ರುವರಿಯಲ್ಲಿ ಅಂದಾಜಿಸಿತು. ಬೇರ್ಪಟ್ಟವರೆಲ್ಲ ಅನಾಥರಲ್ಲ, ಮೊದಲು ಕುಟುಂಬದ ಹುಡುಕಾಟ, ಆಮೇಲೆ ಉಳಿದ ಮಾತು ಎಂಬುದು ಹೇಗ್ ಸಮ್ಮೇಳನದ 1994ರ ಶಿಫಾರಸಿನ ಸಾರ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿ ದತ್ತಿನ ಪಕ್ಕದಲ್ಲೇ ಕಫಾಲತ್ತನ್ನೂ ಹೆಸರಿಸುತ್ತದೆ, ಭಾರತ 1992ರಲ್ಲಿ ಅದಕ್ಕೆ ಸೇರಿದೆ. ಹಾಗಿದ್ದೂ ನಮ್ಮ ಬಾಲನ್ಯಾಯ ಕಾಯ್ದೆಯಲ್ಲಿ ಕಫಾಲತ್ತಿನ ಹೆಸರಿಲ್ಲ. ಅಲ್ಜೀರಿಯಾ 1992ರ ಆದೇಶದಲ್ಲಿ ಸಾಕುಮಗುವಿಗೆ ಪಾಲಕನ ಮನೆತನದ ಹೆಸರು ಕೊಡಲು ಅವಕಾಶ ಮಾಡಿತು, ವಾರಸುದಾರಿಕೆಯನ್ನು ಮುಟ್ಟಲಿಲ್ಲ. ಶಾಸ್ತ್ರದೊಳಗೇ ಜಾಗ ಮಾಡಿಕೊಳ್ಳಬಹುದು ಎಂಬುದಕ್ಕೆ ಅಷ್ಟು ಸಾಕು.

ದತ್ತಿನ ಬಾಗಿಲು ತೆರೆದೇ ಇರಲಿ, 2014ರ ತೀರ್ಪು ಸರಿಯಾದದ್ದೇ. ಅದರ ಜೊತೆಗೆ 1890ರ ಕಾಯ್ದೆಯನ್ನು ತಿದ್ದಿ, ಪ್ರಾಪ್ತವಯಸ್ಸಿನ ಆಚೆಗೂ ಉಳಿಯುವ ನೋಂದಾಯಿತ ಪಾಲಕತ್ವವೊಂದನ್ನು ಸಂಸತ್ತು ರೂಪಿಸಬೇಕು. ಮಗುವಿನ ಹುಟ್ಟುಹೆಸರು ದಾಖಲೆಯಲ್ಲಿ ಉಳಿಯಬೇಕು, ಆಸ್ತಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ಒಪ್ಪಿಸಬೇಕು, ಸಾಕುವ ಖರ್ಚಿನ ಪಾಲು ಸರ್ಕಾರದ ಬೊಕ್ಕಸದಿಂದ ಬರಬೇಕು. ವೈಯಕ್ತಿಕ ಕಾನೂನು ಮಂಡಳಿ ಇದಕ್ಕೆ ಅಡ್ಡಿ ಹೇಳಲು ಹಿದಾಯಾದಲ್ಲಿ ಆಧಾರವಿಲ್ಲ. ಬೊಕ್ಕಸದ ಹೊಣೆಯನ್ನು ಅದೇ ಗ್ರಂಥ ಹೇಳಿಟ್ಟಿದೆ.