ನೇಲ್ ಆರ್ಟ್ ಸ್ಪರ್ಧೆಯ ಮಾಡೆಲ್‌ಗೆ ಉದ್ದ ಉಗುರು ಇರಲೇಬೇಕೇ?

ಕೇಳಿಬರುವ ಮಾತು: ಸ್ಪರ್ಧೆಯಲ್ಲಿ ಕೈ ಕೊಡುವ ಮಾಡೆಲ್‌ಗೆ ಉದ್ದ ಉಗುರಿರಬೇಕು. ಹಿಂದಿನ ದಿನ ಉಗುರಿನ ಬುಡದ ತೆಳು ಪೊರೆಯನ್ನು, ಅಂದರೆ ಕ್ಯುಟಿಕಲ್ ಅನ್ನು, ಪೂರ್ತಿ ಕತ್ತರಿಸಬೇಕು.

ನಿಜವೇನು? ಎರಡೂ ತಪ್ಪು.

ಯಾರನ್ನು ಆರಿಸಬೇಕು?
ಚಾಮರಾಜಪೇಟೆಯ ಪಾರ್ಲರ್ ಒಂದರಲ್ಲಿ ಕೆಲಸ ಕಲಿಯುವವರು ತಂಗಿಯನ್ನೋ ಗೆಳತಿಯನ್ನೋ ಕೂರಿಸಿಕೊಳ್ಳಬಹುದು. ಉದ್ದವನ್ನು ಜೆಲ್ ಅಥವಾ ಅಕ್ರಿಲಿಕ್‌ನಿಂದ ಕಟ್ಟಬಹುದು. ಹತ್ತೂ ಉಗುರುಗಳು ಹೆಚ್ಚುಕಡಿಮೆ ಒಂದೇ ಆಕಾರದಲ್ಲಿರುವುದು, ಗಂಟೆಗಟ್ಟಲೆ ಕೈ ಅಲುಗಿಸದೆ ಕೂರುವ ತಾಳ್ಮೆ ಮುಖ್ಯ. ಉಗುರು ಕಚ್ಚುವವರು ಬೇಡ.

ಮೊದಲು ಕೇಳಬೇಕಾದ ಪ್ರಶ್ನೆ
ಹಿಂದೆ ಜೆಲ್ ಹಚ್ಚಿದಾಗ ತುರಿಕೆ, ಊತ ಬಂದಿತ್ತೇ? ಬಂದಿದ್ದರೆ ಕೂರಿಸಬೇಡಿ, ಚರ್ಮವೈದ್ಯರಿಗೆ ತೋರಿಸಲು ಹೇಳಿ. ಜೆಲ್‌ನಲ್ಲಿರುವ ಅಕ್ರಿಲೇಟ್‌ಗಳಿಗೆ ಅಲರ್ಜಿ ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇದೇ ಗುಂಪಿನ ರಾಸಾಯನಿಕಗಳು ಹಲ್ಲಿನ ಫಿಲ್ಲಿಂಗ್‌ನಲ್ಲೂ ಮೂಳೆ ಶಸ್ತ್ರಚಿಕಿತ್ಸೆಯ ಸಿಮೆಂಟ್‌ನಲ್ಲೂ ಇರುವುದರಿಂದ ಮುಂದೆ ಆ ಚಿಕಿತ್ಸೆಗೂ ತೊಡಕಾಗಬಹುದು.

ತಯಾರಿ ಹೇಗೆ?
• ಕ್ಯುಟಿಕಲ್ ಕತ್ತರಿಸಬೇಡಿ. ಅದು ರೋಗಾಣುಗಳನ್ನು ತಡೆಯುವ ಬೇಲಿ. ಗಾಯವಾದರೆ ಉಗುರುಸುತ್ತು ಬರಬಹುದು.
• ಎರಡು ಮೂರು ವಾರ ಮೊದಲಿನಿಂದಲೇ ರಾತ್ರಿ ಕೊಬ್ಬರಿ ಎಣ್ಣೆ ಸವರಿ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿ.
• ಸ್ಪರ್ಧೆಯ ದಿನ ಎಣ್ಣೆ, ಕ್ರೀಮ್ ಬೇಡ. ಜಿಡ್ಡಿದ್ದರೆ ಜೆಲ್ ಸರಿಯಾಗಿ ಹಿಡಿಯುವುದಿಲ್ಲ.
• ಮದುವೆಮನೆಯ ಮೆಹಂದಿ ಉಗುರಿಗೆ ತಾಗದಿರಲಿ. ಚರ್ಮದ ಬಣ್ಣ ವಾರಗಳಲ್ಲಿ ಹೋದರೂ ಉಗುರಿನದು ಬೆಳೆದೇ ಹೋಗಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಸುಮಾರು 6 ತಿಂಗಳು ಬೇಕು.

ನೆನಪಿಡಿ: ಬಹುಮಾನ ಒಂದು ದಿನದ್ದು, ಅಲರ್ಜಿ ಹಾಗಲ್ಲ. ಮಾಡೆಲ್ ಉರಿ ಎಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ.