ಜಕ್ಕಿಯಬ್ಬೆ ಎಂಬ ಹೆಸರು

ನಮ್ಮ ಶಾಸನಗಳಲ್ಲಿ ದಾನಿಗಳಾಗಿ, ವ್ರತಸ್ಥರಾಗಿ, ಅಪರೂಪಕ್ಕೆ ನಾಡನ್ನಾಳಿದವರಾಗಿ ಕಾಣಿಸುವ ಸ್ತ್ರೀಯರ ಹೆಸರುಗಳಲ್ಲಿ ‘ಜಕ್ಕಿಯಬ್ಬೆ’ ಎಂಬುದೂ ಒಂದು. ಇಂದು ತೊಟ್ಟಿಲ ಶಿಶುವಿಗೆ ಈ ಹೆಸರನ್ನಿಡುವವರು ವಿರಳ. ಕಿವಿಗೆ ತುಸು ಒರಟೆನಿಸುವ ಇದರ ಅರ್ಥವೇನು?

ಇದರಲ್ಲಿ ಎರಡು ಪದಗಳಿವೆ. ‘ಅಬ್ಬೆ’ ಎಂದರೆ ತಾಯಿ. ಹೆಣ್ಣಿನ ಹೆಸರಿಗೆ ಗೌರವಾರ್ಥವಾಗಿ ಸೇರುತ್ತಿದ್ದ ಪದವಿದು; ಅತ್ತಿಮಬ್ಬೆಯ ಹೆಸರಿನಲ್ಲಿರುವುದೂ ಇದೇ. ‘ಅವ್ವೆ’, ‘ಅವ್ವ’ ಎಂಬ ರೂಪಗಳಲ್ಲಿ ಅದು ಇಂದಿಗೂ ನಮ್ಮ ನಾಲಿಗೆಯ ಮೇಲಿದೆ.

‘ಜಕ್ಕಿ’ ಎಂಬುದು ಸಂಸ್ಕೃತದ ‘ಯಕ್ಷಿ’. ಪ್ರಾಕೃತದ ಹಾದಿಯಾಗಿ ಕನ್ನಡಕ್ಕೆ ಬಂದದ್ದು. ಯಮನು ಜವನಾದಂತೆ, ಯೋಗಿ ಜೋಗಿಯಾದಂತೆ ಇಲ್ಲಿ ಯಕಾರವು ಜಕಾರವಾಯಿತು. ಪಕ್ಷವು ಪಕ್ಕವಾದಂತೆ, ರಾಕ್ಷಸನು ರಕ್ಕಸನಾದಂತೆ ಕ್ಷಕಾರವು ಕಕಾರದ ಒತ್ತಾಯಿತು. ಜಕ್ಕವಕ್ಕಿಯ ‘ಜಕ್ಕ’ಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಚಕ್ರವಾಕದ ತದ್ಭವ. ಜೈನರಲ್ಲಿ ಯಕ್ಷಿಯು ತೀರ್ಥಂಕರರ ಶಾಸನದೇವತೆ. ಹೊಂಬುಜದ ಪದ್ಮಾವತಿ ಅಂಥವಳು. ಮಗಳನ್ನು ಜಕ್ಕಿಯಬ್ಬೆಯೆಂದು ಕರೆದವರು ಕಾಯುವ ದೇವತೆಯನ್ನೂ ಹೆತ್ತ ತಾಯನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದರು.

13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂತಹ ಮಾರ್ಪಾಡುಗಳಿಗೆ ‘ಅಪಭ್ರಂಶ’ವೆಂಬ ಪ್ರಕರಣವನ್ನೇ ಮೀಸಲಿಟ್ಟ. ಅಪಭ್ರಂಶವೆಂದರೆ ಜಾರಿ ಬಿದ್ದದ್ದು. ಆದರೆ ಈ ಹೆಸರನ್ನು ಹೊತ್ತವರ ಬಾಳನ್ನು ನೋಡಿದರೆ ಹಾಗೆನ್ನಲು ಮನಸ್ಸಾಗದು.

ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳಿಕೆಯಲ್ಲಿ, ಹತ್ತನೆಯ ಶತಮಾನದ ಆರಂಭಕ್ಕೆ, ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡ. ಆ ಅಧಿಕಾರ ಅವನ ಮಡದಿ ಜಕ್ಕಿಯಬ್ಬೆಗೆ ದೊರೆಯಿತು. ಅವಳು ಸಮರ್ಥಳಾಗಿ ನಾಡನ್ನಾಳಿದಳೆಂದು ಶಾಸನ ಹೊಗಳುತ್ತದೆ. ಕಡೆಗೆ ದೇಹ ರೋಗಕ್ಕೀಡಾದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ, ಇಂದಿನ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಗಂಡನ ಹೆಸರಿನ ನೆರಳಲ್ಲಿ ಅಲ್ಲ, ತನ್ನ ಹೆಸರಿನಿಂದಲೇ ಅವಳು ಆ ಕಲ್ಲಿನಲ್ಲಿ ನಿಂತಿದ್ದಾಳೆ.

ಎರಡು ಶತಮಾನಗಳ ಅನಂತರ, ಸುಮಾರು 1120ರಲ್ಲಿ, ಇದೇ ಹೆಸರಿನ ಇನ್ನೊಂದು ರೂಪ ಶ್ರವಣಬೆಳಗೊಳದಲ್ಲಿ ಕಾಣುತ್ತದೆ. ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ ಜಕ್ಕಿಮವ್ವೆ ಅಲ್ಲಿ ಕೆರೆಯೊಂದನ್ನು ಕಟ್ಟಿಸಿ, ಬದಿಯ ಬಂಡೆಯಲ್ಲಿ ಜಿನಬಿಂಬವನ್ನು ಕಡೆಯಿಸಿದಳು. ಅಷ್ಟರಲ್ಲಿ ‘ಅಬ್ಬೆ’ ‘ಅವ್ವೆ’ಯಾಗಿರುವುದನ್ನು ಗಮನಿಸಬೇಕು. ಆ ಕೆರೆಗೆ ಜನ ಇಟ್ಟ ಹೆಸರು ಜಕ್ಕಿಕಟ್ಟೆ.

ಸಂಸ್ಕೃತದ ಯಕ್ಷಿ ಶಿಲ್ಪದಲ್ಲಿ, ಕಾವ್ಯದಲ್ಲಿ ಉಳಿದಳು. ಕನ್ನಡದ ಜಕ್ಕಿ ನಾಡನ್ನಾಳಿದಳು, ನೀರನ್ನು ನಿಲ್ಲಿಸಿದಳು. ಹಳೆಯ ಹೆಸರುಗಳನ್ನು ಒರಟೆಂದು ಬಿಟ್ಟುಕೊಡುವ ಮುನ್ನ ಅವು ಏನೇನನ್ನು ಹೊತ್ತು ಬಂದಿವೆಯೆಂದು ಒಮ್ಮೆ ಕೇಳಿನೋಡುವುದು ಒಳ್ಳೆಯದು.